ಗ್ಯಾಸ್ಕೆಟ್ ಹಾಕಿಸಿ, ಪಾಠ ನಡೆಯಲಿ



ನನ್ನ ಮಗಳು ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಬಿ.ಎಸ್ಸಿ. ಮೈಕ್ರೋಬಯಾಲಜಿ ಓದುತ್ತಿದ್ದಾಳೆ. ಇಡೀ ಬ್ಯಾಚಿಗೆ, ಎಣ್ಣೆ ಹಾಕಿ ನೋಡುವ 100ಎಕ್ಸ್ ಮಸೂರ ಸರಿಯಿರುವುದು ಒಂದೇ ಸೂಕ್ಷ್ಮದರ್ಶಕದಲ್ಲಿ. ಗ್ರಾಂ ಸ್ಟೇನಿಂಗ್ ಮಾಡಿದ ಮೇಲೆ ಬ್ಯಾಕ್ಟೀರಿಯಾ ನೇರಳೆಯೋ ಗುಲಾಬಿಯೋ ಎಂದು ನೋಡುವ ಸರದಿ ಬರುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ. ರೆಕಾರ್ಡ್ ಪುಸ್ತಕದಲ್ಲಿ ಮಾತ್ರ ಎಲ್ಲರ ಚಿತ್ರವೂ ಅಚ್ಚುಕಟ್ಟು!

ಆಟೋಕ್ಲೇವ್‌ನದು ಇನ್ನೂ ದೊಡ್ಡ ಚಿಂತೆ. ಬ್ಯಾಕ್ಟೀರಿಯಾ ಬೆಳೆಸಿದ ಪೆಟ್ರಿ ತಟ್ಟೆಗಳನ್ನು 121 ಡಿಗ್ರಿ ಸೆಲ್ಸಿಯಸ್‌ನ ಒತ್ತಡದ ಹಬೆಯಲ್ಲಿ ಕನಿಷ್ಠ 15 ನಿಮಿಷ ಇಡದೆ ತೊಳೆಯಬಾರದೆಂಬುದು ಮಕ್ಕಳು ಕಲಿಯುವ ಮೊದಲ ಪಾಠ. ಆ ಹಬೆ ಕೊಡುವ ಆಟೋಕ್ಲೇವ್‌ನ ಗ್ಯಾಸ್ಕೆಟ್ ಹೋಗಿ ತಿಂಗಳುಗಳಾದರೂ ರಿಪೇರಿಗೆ ಹಣ ಮಂಜೂರಾಗಿಲ್ಲ. ಅತಿಥಿ ಉಪನ್ಯಾಸಕರು ಪ್ರೆಶರ್ ಕುಕ್ಕರ್ ತಂದು ಹೇಗೋ ಸುಧಾರಿಸುತ್ತಿದ್ದಾರೆ, ಅವರನ್ನು ದೂರುವಂತಿಲ್ಲ. ಆದರೆ ನಾಳೆ ಡೇರಿಯಲ್ಲೋ ಔಷಧ ಕಾರ್ಖಾನೆಯಲ್ಲೋ ಸಂದರ್ಶನಕ್ಕೆ ಕೂತಾಗ ಕುಕ್ಕರಿನ ಅನುಭವ ಯಾರಿಗೆ ಬೇಕು?

ಇಂಥ ಸಣ್ಣ ರಿಪೇರಿಗಳ ಅಧಿಕಾರ ಪ್ರಾಂಶುಪಾಲರಿಗೇ ಸಿಗಲಿ. ಅಲ್ಲಿಯವರೆಗೆ ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿ ತಿಂಗಳಿಗೆ ಒಂದೆರಡು ದಿನವಾದರೂ ಈ ಮಕ್ಕಳಿಗೆ ಅವಕಾಶ ಮಾಡಿಕೊಡಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿ. ಪ್ರಾಯೋಗಿಕ ಪರೀಕ್ಷೆ ಹತ್ತಿರವಾಗುತ್ತಿದೆ.

– ವಿದ್ಯಾರ್ಥಿನಿಯೊಬ್ಬಳ ತಂದೆ