ಮರೆಮಾಚಿದ ಅಕ್ಕರೆ: ಸುಕುಮಾರಸ್ವಾಮಿಯ ಕಥೆ ಮತ್ತು ಮಕ್ಕಳ ಶಿಸ್ತು

ಶಿವಕೋಟ್ಯಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ‘ವಡ್ಡಾರಾಧನೆ’ಯ 19 ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯ ಕಥೆ. ಕೃತಿಯ ಕಾಲ, ಕರ್ತೃತ್ವ, ಭಾಷೆಗಳ ಬಗ್ಗೆ ನಡೆದಿರುವ ಚರ್ಚೆಗೆ ಹೋಲಿಸಿದರೆ ಅದರೊಳಗಿನ ಮಕ್ಕಳ ಬಗ್ಗೆ ನಡೆದ ಚರ್ಚೆ ಕಡಿಮೆ. ಭವಾವಳಿಯ ಈ ಕಥೆಯಲ್ಲಿ ಒಂದೇ ಜೀವ ಬೇರೆಬೇರೆ ಜನ್ಮಗಳಲ್ಲಿ ಮೂರು ಬಗೆಯ ಹಿರಿಯರ ಕೈಯಲ್ಲಿ ಬೆಳೆಯುತ್ತದೆ. ಮಕ್ಕಳನ್ನು ಹೊಡೆಯದೆ, ಹೆದರಿಸದೆ ತಿದ್ದುವುದು ಸಾಧ್ಯವೇ ಎಂಬ ಇಂದಿನ ಪ್ರಶ್ನೆಗೆ ಆ ಮೂರೂ ಚಿತ್ರಗಳು ಬೆಳಕು ನೀಡುತ್ತವೆ.

ಮೊದಲನೆಯದು ಸೂರ್ಯಮಿತ್ರನ ಕಾಠಿನ್ಯ. ಕೌಶಂಬಿಯ ಪುರೋಹಿತ ಸೋಮಶರ್ಮನ ಮಕ್ಕಳಾದ ಅಗ್ನಿಭೂತಿ, ವಾಯುಭೂತಿಯರು ಓದದೆ ಬೆಳೆದವರು. ತಂದೆ ತೀರಿಕೊಂಡ ಮೇಲೆ ಪೌರೋಹಿತ್ಯವೂ ಕೈತಪ್ಪುತ್ತದೆ. ತಾಯಿ ಕಾಶ್ಯಪಿ ಅವರನ್ನು ವಿದ್ಯೆಗಾಗಿ ರಾಜಗೃಹದಲ್ಲಿದ್ದ ತನ್ನ ಅಣ್ಣ ಸೂರ್ಯಮಿತ್ರನ ಬಳಿಗೆ ಕಳುಹಿಸುತ್ತಾಳೆ. ಸಲಿಗೆ ಕೊಟ್ಟರೆ ಮಕ್ಕಳು ಕೆಡುವರೆಂದು ಬಗೆದ ಆತ ತನಗೆ ತಂಗಿಯೇ ಇಲ್ಲವೆನ್ನುತ್ತಾನೆ. ಭಿಕ್ಷೆ ಬೇಡಿ ಉಂಡು ಓದುವುದಾದರೆ ಕಲಿಸುವೆನೆನ್ನುತ್ತಾನೆ. ವಿದ್ಯೆ ಮುಗಿದ ದಿನ ಮಾತ್ರ ತಾನು ಸೋದರಮಾವನೆಂದು ತಿಳಿಸಿ ಅವರನ್ನು ಸತ್ಕರಿಸುತ್ತಾನೆ. ಮಾವ ಮಾಡಿದ್ದು ತನ್ನ ಒಳಿತಿಗೆಂದು ಅಗ್ನಿಭೂತಿ ಕೃತಜ್ಞನಾಗುತ್ತಾನೆ. ತನ್ನವನೇ ತನ್ನನ್ನು ತಿರಿದುಣ್ಣುವಂತೆ ಮಾಡಿದನೆಂದು ವಾಯುಭೂತಿ ದ್ವೇಷ ಕಟ್ಟಿಕೊಳ್ಳುತ್ತಾನೆ. ಮುಂದೆ ಸೂರ್ಯಮಿತ್ರನು ಮುನಿಯಾಗಿ ಕೌಶಂಬಿಗೆ ಬಂದಾಗಲೂ ಆ ದ್ವೇಷ ಆರಿರುವುದಿಲ್ಲ. ವಾಯುಭೂತಿ ಅವನನ್ನು ನಿಂದಿಸುತ್ತಾನೆ. ಕಥೆಯ ಪ್ರಕಾರ ಆ ನಿಂದೆಯ ಫಲವನ್ನು ಅವನು ಹಲವು ಜನ್ಮಗಳಲ್ಲಿ ಉಣ್ಣಬೇಕಾಗುತ್ತದೆ.

ದಂಡನೆಯ ಪಕ್ಷಪಾತಿಗಳು ಇಲ್ಲಿ ಅಗ್ನಿಭೂತಿಯನ್ನು ಸಾಕ್ಷಿಗೆ ಕರೆಯಬಹುದು. ಏಟು ತಿಂದೇ ಬೆಳೆದೆವು, ಅದರಿಂದಲೇ ಮನುಷ್ಯರಾದೆವು ಎನ್ನುವವರು ಎಲ್ಲ ತಲೆಮಾರಿನಲ್ಲೂ ಇದ್ದಾರೆ. ಅಂಥ ಮಾತನ್ನು ಹೇಳಲು ಮುಂದೆ ಬರುವವರು ಅಗ್ನಿಭೂತಿಗಳೇ ಹೊರತು ವಾಯುಭೂತಿಗಳಲ್ಲ. ಒಂದೇ ತಾಯಿಯ ಮಕ್ಕಳಿಗೆ ಒಂದೇ ಮನೆಯಲ್ಲಿ ದೊರೆತ ಒಂದೇ ಕಾಠಿನ್ಯ ಒಬ್ಬನಲ್ಲಿ ಕೃತಜ್ಞತೆಯಾಯಿತು, ಇನ್ನೊಬ್ಬನಲ್ಲಿ ವಿಷವಾಯಿತು. ಎದುರಿಗಿರುವ ಮಗು ಇವರಿಬ್ಬರಲ್ಲಿ ಯಾರೆಂದು ಮೊದಲೇ ಬಲ್ಲ ಹಿರಿಯರು ಯಾರೂ ಇಲ್ಲ.

ಎರಡನೆಯದು ನಾಗಶ್ರೀಯ ಪ್ರಸಂಗ. ವಾಯುಭೂತಿಯ ಜೀವವೇ ಮುಂದೆ ಚಂಪಾನಗರದ ನಾಗಶರ್ಮನ ಮಗಳಾಗಿ ಹುಟ್ಟಿ, ಸೂರ್ಯಮಿತ್ರ ಮುನಿಯಿಂದಲೇ ಐದು ಅಣುವ್ರತಗಳನ್ನು ಪಡೆಯುತ್ತದೆ. ವ್ರತಗಳನ್ನು ಹಿಂತಿರುಗಿಸಲೆಂದು ಕೋಪಗೊಂಡ ತಂದೆ ಮಗಳನ್ನು ಕರೆದುಕೊಂಡು ಹೊರಡುತ್ತಾನೆ. ದಾರಿಯಲ್ಲಿ ಕೊಲೆ, ಸುಳ್ಳು, ಕಳವು ಮೊದಲಾದ ತಪ್ಪುಗಳಿಗಾಗಿ ದಂಡನೆಗೆ ಒಳಗಾದವರು ಒಬ್ಬೊಬ್ಬರಾಗಿ ಕಾಣುತ್ತಾರೆ. ಪ್ರತಿ ಸಲವೂ ಹುಡುಗಿ ಕಾರಣ ಕೇಳುತ್ತಾಳೆ; ಅದನ್ನು ಮಾಡೆನೆಂಬುದೇ ತನ್ನ ವ್ರತವಾಗಿರುವಾಗ ಬಿಡುವುದೇಕೆ ಎನ್ನುತ್ತಾಳೆ. ತಂದೆ ಆ ಒಂದನ್ನು ಇಟ್ಟುಕೊಂಡು ಉಳಿದವನ್ನು ಹಿಂತಿರುಗಿಸೆನ್ನುತ್ತಾನೆ. ಹೀಗೆ ಐದೂ ಅವಳಲ್ಲೇ ಉಳಿಯುತ್ತವೆ. ನಾಗಶರ್ಮ ಶಾಂತಸ್ವಭಾವದವನಲ್ಲ. ಆದರೂ ಆ ಕೋಪದ ನಡುವೆ ಮಗಳ ಪ್ರಶ್ನೆಗೆ ನಿಂತು ಉತ್ತರ ಕೊಡುತ್ತಾನೆ, ಅವಳ ಮಾತು ಸರಿಯೆನಿಸಿದಾಗ ಒಪ್ಪುತ್ತಾನೆ. ಮಗು ನಿಯಮವನ್ನು ತನ್ನದಾಗಿಸಿಕೊಳ್ಳುವುದು ಇಂಥ ನಡಿಗೆಯಲ್ಲಿಯೇ.

ಹಾಗೆಂದು ಮಗುವಿಗೆ ನೋವೇ ಸೋಕದಂತೆ ಕಾಯುವುದು ಸೌಮ್ಯ ಶಿಸ್ತಲ್ಲ. ಆ ಅತಿಯನ್ನು ಮೂರನೆಯ ಚಿತ್ರದಲ್ಲಿ ಯಶೋಭದ್ರೆ ತೋರಿಸುತ್ತಾಳೆ. ಋಷಿಗಳನ್ನು ಕಂಡರೆ ಮಗ ತಪಸ್ಸಿಗೆ ಹೊರಡುವನೆಂಬ ಭವಿಷ್ಯವಾಣಿಗೆ ಹೆದರಿದ ಆಕೆ ಮನೆಗೆ ಮುನಿಗಳ ಪ್ರವೇಶವನ್ನೇ ತಡೆಯುತ್ತಾಳೆ. ರತ್ನದ ಬೆಳಕಿನಲ್ಲೇ ಬೆಳೆದ ಸುಕುಮಾರನಿಗೆ ಆರತಿಯ ದೀಪ ಕಂಡರೂ ಕಣ್ಣಲ್ಲಿ ನೀರು. ಆದರೂ ಸ್ವಾಧ್ಯಾಯದ ಧ್ವನಿ ಗೋಡೆ ದಾಟಿ ಬಂದೇ ಬರುತ್ತದೆ. ಪೂರ್ವಜನ್ಮದ ನೆನಪಾಗಿ ಮಗ ಮನೆಯನ್ನು ತೊರೆಯುತ್ತಾನೆ. ಧಾರ್ಮಿಕ ಕಥನವಾಗಿ ಇದು ಸುಕುಮಾರನ ಗೆಲುವು. ತಾಯಿಯ ಕಡೆಯಿಂದ ನೋಡಿದರೆ, ತನ್ನ ಭಯವನ್ನೇ ಮಗನ ರಕ್ಷಣೆಯೆಂದು ತಿಳಿದವಳ ಸೋಲು.

ಎಳೆಯ ಮಗುವಿನ ವಿಷಯದಲ್ಲಿ ಈ ವಿವೇಕ ಇನ್ನೂ ಅಗತ್ಯ. ಮೂರು ವರ್ಷದ ಕೂಸಿಗೆ ಸಿಟ್ಟಿನ ಹಿಂದೆ ಅಕ್ಕರೆ ಅಡಗಿದೆಯೆಂದು ಊಹಿಸುವ ಶಕ್ತಿಯಿಲ್ಲ. ಕಾಣುವ ಮುಖವೇ ಅದರ ಪಾಲಿಗೆ ಸತ್ಯ. ಪುರಂದರದಾಸರ ಕೀರ್ತನೆಯೊಂದರಲ್ಲಿ ಬಾಲಕೃಷ್ಣನೇ ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡಿಕೊಳ್ಳುತ್ತಾನೆ. ಗುಮ್ಮನಿಗೆ ಹೆದರಿದ ಮಗು ಓಡಿಹೋಗಬೇಕಾದದ್ದು ತಾಯಿಯ ಬಳಿಗೆ; ಗುಮ್ಮನನ್ನು ಕರೆಯುವವಳೂ ತಾಯಿಯೇ ಆದರೆ ಅದಕ್ಕೆ ಬೇರೆ ಆಸರೆಯಿಲ್ಲ. ಮಗು ಧೈರ್ಯವಾಗಿ ಲೋಕವನ್ನು ಅರಿಯಹೊರಡಲು ಮರಳಿ ಬರಬಹುದಾದ ಭದ್ರ ನೆಲೆಯೊಂದು ಬೇಕೆಂದು ಮನೋವಿಜ್ಞಾನಿ ಜಾನ್ ಬೌಲ್ಬಿ ಇಪ್ಪತ್ತನೆಯ ಶತಮಾನದಲ್ಲಿ ಪ್ರತಿಪಾದಿಸಿದ್ದು ಇದನ್ನೇ. ತಟ್ಟೆ ಎಸೆಯುವ ಕೈಯನ್ನು ಹಿಡಿದು ತಡೆಯಬೇಕು, ಎಸೆಯಬಾರದೇಕೆಂದು ಎರಡು ಮಾತಿನಲ್ಲಿ ಹೇಳಬೇಕು, ಅಳು ಮುಗಿಯುವವರೆಗೆ ಹತ್ತಿರವಿರಬೇಕು. ಇಲ್ಲಿ ನಿಯಮವೂ ಸಡಿಲವಾಗುವುದಿಲ್ಲ, ಸಂಬಂಧವೂ ಕಡಿಯುವುದಿಲ್ಲ.

ಸಂಸ್ಕೃತದಲ್ಲಿ ಕಲಿಕೆಯನ್ನು ಹೇಳುತ್ತಿದ್ದ ‘ಶಿಕ್ಷಾ’ ಶಬ್ದ ಕನ್ನಡದ ಬಳಕೆಯಲ್ಲಿ ‘ಶಿಕ್ಷೆ’ಯಾಗಿ ಹೆಚ್ಚಾಗಿ ದಂಡನೆಯನ್ನೇ ಸೂಚಿಸುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆ ಸೆಕ್ಷನ್ ಮನೆಯ ಹೊಸ್ತಿಲು ದಾಟುವುದಿಲ್ಲ. ಅಲ್ಲಿ ತೀರ್ಮಾನಿಸಬೇಕಾದವರು ಹಿರಿಯರೇ.

ಸೂರ್ಯಮಿತ್ರನ ಪಾತ್ರದಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ವಾಯುಭೂತಿಗೆ ತಾನು ಮಾವನಲ್ಲವೆಂದಿದ್ದ ಅವನೇ, ನಾಗಶ್ರೀಯ ಕುರಿತು ವಾದ ಎದ್ದಾಗ, ಅವಳು ತಮ್ಮ ಮಗಳೆಂದು ಎಲ್ಲರೆದುರು ಹೇಳುತ್ತಾನೆ. ಅವಳ ಬಾಯಿಂದ ಆಗ ವಾಯುಭೂತಿ ಕಲಿತಿದ್ದ ವೇದವಿದ್ಯೆ ಹೊರಡುತ್ತದೆ. ಅಂದರೆ ಮೊದಲ ಗುರು ಕಲಿಸಿದ ವಿದ್ಯೆ ಎಲ್ಲಿಯೂ ನಷ್ಟವಾಗಿರಲಿಲ್ಲ. ಕಲಿಸುವಾಗ ಬಚ್ಚಿಟ್ಟ ನಂಟು ಮಾತ್ರ ಆ ಮಗುವಿಗೆ ದಕ್ಕಿರಲಿಲ್ಲ. ಕೊನೆಯ ದಿನಕ್ಕೆಂದು ಉಳಿಸಿಟ್ಟ ಆ ಒಂದು ಮಾತನ್ನು ಮೊದಲ ದಿನವೇ ಹೇಳಿ, ಅನಂತರ ಎಷ್ಟು ಕಟ್ಟುನಿಟ್ಟಾಗಿ ಓದಿಸಿದ್ದರೂ ವಾಯುಭೂತಿ ಸಹಿಸುತ್ತಿದ್ದನೇನೋ.