ಪೊಟ್ಟಣದೊಳಗಿನ ಜೀವ

ತರಕಾರಿ ಬೆಳೆಯುವ ನನ್ನ ಹಳೆಯ ವಿದ್ಯಾರ್ಥಿಗಳು ಭೇಟಿಯಾದಾಗಲೆಲ್ಲ ಕೇಳುವ ಪ್ರಶ್ನೆಯೊಂದಿದೆ: "ಮೇಷ್ಟ್ರೇ, ಈ ಬ್ಯಾಕ್ಟೀರಿಯಾ ಪುಡಿಯಿಂದ ನಿಜವಾಗಿ ಪ್ರಯೋಜನವಿದೆಯೇ, ಇಲ್ಲ ಬರೀ ವ್ಯಾಪಾರವೇ?" ಎಲ್ಲರಿಗೂ ಒಟ್ಟಾಗಿ ಉತ್ತರಿಸೋಣವೆಂದು ಇದನ್ನು ಬರೆಯುತ್ತಿದ್ದೇನೆ.

ಅವರೆ, ಕಡಲೆಗಳ ಬೇರುಗಂಟಿನಲ್ಲಿ ರೈಜೋಬಿಯಂ ವಾಸಿಸಿ ಸಾರಜನಕವನ್ನು ಒದಗಿಸುತ್ತದೆಂದು ತರಗತಿಯಲ್ಲಿ ಓದಿದ್ದು ನಿಮಗೆ ನೆನಪಿರಬಹುದು. ಟೊಮೆಟೊ, ಬದನೆ, ಮೆಣಸಿನ ಗಿಡಗಳಿಗೆ ಅಂಥ ಗಂಟುಗಳಿಲ್ಲ. ಆದರೆ ಅವುಗಳ ಬೇರೂ ಒಂಟಿಯಲ್ಲ. ಬೇರಿನಿಂದ ಒಸರುವ ಸಕ್ಕರೆ ಮೊದಲಾದ ಪದಾರ್ಥಗಳನ್ನು ಉಂಡು ಅಸಂಖ್ಯ ಸೂಕ್ಷ್ಮಾಣುಗಳು ಅದರ ಸುತ್ತ ನೆಲೆಸುತ್ತವೆ. ಈ ವಲಯಕ್ಕೆ ಜರ್ಮನಿಯ ಲೊರೆಂಜ್ ಹಿಲ್ಟ್‌ನರ್ 1904ರಲ್ಲಿಯೇ 'ರೈಜೋಸ್ಫಿಯರ್' ಎಂದು ಹೆಸರಿಟ್ಟರು. ಅಲ್ಲಿನ ನಿವಾಸಿಗಳಲ್ಲೊಂದಾದ ಅಜೋಸ್ಪಿರಿಲಂ, ಇಂಡೋಲ್ ಅಸಿಟಿಕ್ ಆಮ್ಲವೆಂಬ ಬೆಳವಣಿಗೆಯ ಹಾರ್ಮೋನನ್ನು ಸ್ರವಿಸುತ್ತದೆ. ಅದರಿಂದ ಎಳೆಯ ಸಸಿಯಲ್ಲಿ ಕವಲುಬೇರುಗಳೂ ಬೇರುರೋಮಗಳೂ ಹೆಚ್ಚುತ್ತವೆ. ಬೇರು ಹೆಚ್ಚಿದಷ್ಟೂ ನೀರು, ಪೋಷಕಾಂಶಗಳ ಹೀರಿಕೆ ಹೆಚ್ಚು.

ಹಾಗೆಂದು ಇದು ಪವಾಡವಲ್ಲ. ಅಜೋಸ್ಪಿರಿಲಂ ಕುರಿತು ಜಗತ್ತಿನ ನಾನಾ ಕಡೆ ಇಪ್ಪತ್ತು ವರ್ಷ ನಡೆದ ಕ್ಷೇತ್ರ ಪ್ರಯೋಗಗಳನ್ನು ಯಾಕೋವ್ ಓಕೋನ್ ಮತ್ತು ಅವರ ಸಹಲೇಖಕರು 1994ರಲ್ಲಿ ಪರಾಮರ್ಶಿಸಿದರು. ಶೇಕಡಾ 60ರಿಂದ 70ರಷ್ಟು ಪ್ರಯೋಗಗಳಲ್ಲಿ ಫಲ ದೊರೆತಿತ್ತು. ಅಲ್ಲಿ ಇಳುವರಿ ಶೇಕಡಾ 5ರಿಂದ 30ರವರೆಗೆ ಏರಿತ್ತು. ಎಂದರೆ ಹತ್ತರಲ್ಲಿ ಮೂರು ನಾಲ್ಕು ಸಲ ಗಮನಾರ್ಹ ಲಾಭ ಕಾಣಲಿಲ್ಲ. ಇದನ್ನು ಮರೆಮಾಚಿ ಮಾರುವವರನ್ನು ನಾನು ನಂಬುವುದಿಲ್ಲ. ಒಮ್ಮೆ ವಿಫಲವಾಯಿತೆಂದು ಇಡೀ ವಿಜ್ಞಾನವನ್ನೇ ತಳ್ಳಿಹಾಕುವವರನ್ನೂ ಒಪ್ಪುವುದಿಲ್ಲ.

ನನ್ನ ಅಭಿಪ್ರಾಯವಿಷ್ಟೆ: ಈ ಪುಡಿಯನ್ನು ನಾವು ಗೊಬ್ಬರವೆಂದು ಭಾವಿಸುತ್ತಿದ್ದೇವೆ, ಬಿತ್ತನೆ ಬೀಜವೆಂದು ಭಾವಿಸಬೇಕು. ಯೂರಿಯಾ ಬಿಸಿಲಿನಲ್ಲಿ ಸಾಯುವುದಿಲ್ಲ, ಬ್ಯಾಕ್ಟೀರಿಯಾ ಸಾಯುತ್ತದೆ. 2006ರಲ್ಲಿ ಜೈವಿಕ ಗೊಬ್ಬರಗಳನ್ನು ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತಂದಾಗ, ಇಂಥ ಪುಡಿಯಲ್ಲಿ ಗ್ರಾಮಿಗೆ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕೆಂದು ವಿಧಿಸಲಾಯಿತು. ಆದರೆ ಪೇಟೆಯ ಅಂಗಡಿಯೊಂದರಲ್ಲಿ ಕಡುಬೇಸಿಗೆಯಲ್ಲಿ ಆ ಪೊಟ್ಟಣಗಳು ತಗಡಿನ ಮಾಡಿನ ಕೆಳಗೆ, ರಸಗೊಬ್ಬರದ ಚೀಲಗಳ ಮೇಲೆ ಬಿದ್ದಿದ್ದುದನ್ನು ನಾನೇ ಕಂಡಿದ್ದೇನೆ. ಅದನ್ನು ಕೊಂಡ ಬಡ ರೈತ ಹಣವನ್ನಷ್ಟೇ ಅಲ್ಲ, ವಿಜ್ಞಾನದ ಮೇಲಿನ ವಿಶ್ವಾಸವನ್ನೂ ಕಳೆದುಕೊಳ್ಳುತ್ತಾನೆ. ಎರಡನೆಯ ನಷ್ಟವೇ ದೊಡ್ಡದು.

ಇದನ್ನು ಬಳಸಲು ಸಸಿಮಡಿಯೇ ಸೂಕ್ತ ಸ್ಥಳ. ಎಕರೆಗಟ್ಟಲೆ ಮಣ್ಣಿಗೆ ಎರಚುವುದಕ್ಕಿಂತ, ಟ್ರೇಗಳಲ್ಲಿನ ತೆಂಗಿನ ನಾರಿನ ಪುಡಿಗೆ ಬೆರೆಸುವುದು, ಇಲ್ಲವೇ ನಾಟಿಗೆ ಮುನ್ನ ಸಸಿಯ ಬೇರನ್ನು ಅದರ ಬಗ್ಗಡದಲ್ಲಿ ಅದ್ದುವುದು ಮಿತವ್ಯಯದ ದಾರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಸಾರಜನಕವನ್ನು ಸ್ಥಿರೀಕರಿಸುವ, ರಂಜಕ ಹಾಗೂ ಸತುವನ್ನು ಕರಗಿಸುವ ಸೂಕ್ಷ್ಮಾಣುಗಳನ್ನು ಒಗ್ಗೂಡಿಸಿ 'ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ' ಎಂಬ ಮಿಶ್ರಣವನ್ನು ರೂಪಿಸಿದೆ. ಯಾವುದನ್ನೇ ಕೊಳ್ಳಿರಿ, ತಯಾರಿಕೆಯ ದಿನಾಂಕವನ್ನೂ ಅವಧಿಯನ್ನೂ ಓದಿರಿ, ನೆರಳಿನಲ್ಲಿಡಿರಿ, ರಾಸಾಯನಿಕ ಗೊಬ್ಬರ, ಔಷಧಗಳೊಂದಿಗೆ ಕಲಸಬೇಡಿರಿ. ಕೊಟ್ಟಿಗೆ ಗೊಬ್ಬರವನ್ನಂತೂ ಬಿಡಬೇಡಿರಿ. ಸಾವಯವ ಅಂಶವಿಲ್ಲದ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಬಹುಕಾಲ ಬದುಕಲಾರದು.

ಇನ್ನೊಂದು ಮಾತು. ನಾಲ್ಕು ಟ್ರೇಗಳಿಗೆ ಪುಡಿ ಬೆರೆಸಿ, ನಾಲ್ಕನ್ನು ಹಾಗೆಯೇ ಬಿಡಿರಿ. ಇಪ್ಪತ್ತೈದನೆಯ ದಿನ ಎರಡರಿಂದಲೂ ಕೆಲವು ಸಸಿಗಳನ್ನು ಕಿತ್ತು, ಬೇರು ತೊಳೆದು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ನಿಮ್ಮ ಪ್ರಶ್ನೆಗೆ ನನಗಿಂತ ಚೆನ್ನಾಗಿ ಆ ಬೇರುಗಳೇ ಉತ್ತರ ಹೇಳುತ್ತವೆ. ಫಲಿತಾಂಶವೇನೇ ಇರಲಿ, ನನಗೆ ತಪ್ಪದೆ ತಿಳಿಸಿರಿ.