ಮಳೆಯ ವಿದ್ಯೆಗೆ ಬೀಗವೇಕೆ?

ಮಳೆ ತಪ್ಪಿದರೆ ರೈತನೊಬ್ಬನೇ ಅಳುವುದಿಲ್ಲ. ಹತ್ತಿ ಒಣಗಿದರೆ ಗಿರಣಿಗೆ ಅರಳೆ ಬಾರದು. ಅರಳೆ ಬಾರದಿದ್ದರೆ ಪಾಳಿ ನಿಲ್ಲುತ್ತದೆ. ಪಾಳಿ ನಿಂತರೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ದಪ್ಪವಾಗುತ್ತದೆ. ಆದ್ದರಿಂದ ಹವಾಮಾನ ಶಾಸ್ತ್ರ ಪಂಡಿತರ ಸೊತ್ತು, ಅದರ ಗೊಡವೆ ನಮಗೇಕೆ ಎಂದು ನಮ್ಮ ವಾಚಕರು ತಿಳಿಯಬಾರದು. ಆ ಶಾಸ್ತ್ರವನ್ನು ಕಲಿಯಹೊರಟ ನಮ್ಮ ಮಕ್ಕಳಿಗೆ ಓದಲು ಏನು ಸಿಕ್ಕುತ್ತದೆ, ಏನು ಸಿಕ್ಕುವುದಿಲ್ಲ ಎಂಬುದು ನಮ್ಮೆಲ್ಲರ ಪ್ರಶ್ನೆ.

ಪಠ್ಯಪುಸ್ತಕದಲ್ಲಿ ಇರುವುದು ಹಳೆಯ ತಿಳಿವು. ಹೊಸದು ಮೊದಲು ಬರುವುದು ಸಂಶೋಧನಾ ಪತ್ರಿಕೆಗಳಲ್ಲಿ. ಒಂದು ಉದಾಹರಣೆ ಕೊಡುತ್ತೇವೆ. ಡಿ. ಆರ್. ಸಿಕ್ಕ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಇಬ್ಬರೂ ಉಪಗ್ರಹದ ಚಿತ್ರಗಳಲ್ಲಿ ಮೋಡದ ಪಟ್ಟಿಯನ್ನು ದಿನದಿನವೂ ಗುರುತು ಹಾಕಿದರು. ಸಮುದ್ರದ ಮೇಲಿನ ಪಟ್ಟಿ ಮುಂಗಾರಿನಲ್ಲಿ ಮತ್ತೆ ಮತ್ತೆ ಉತ್ತರಕ್ಕೆ ಸರಿದು ನಮ್ಮ ನೆಲವನ್ನು ಸೇರುತ್ತದೆಂದು ತೋರಿಸಿದರು. ಮಳೆ ಏಕೆ ನಾಲ್ಕು ದಿನ ಸುರಿದು ಹತ್ತು ದಿನ ಮುಖ ಮರೆಸುತ್ತದೆಂದು ಕೇಳುವವನು ಓದಲೇಬೇಕಾದ ಪ್ರಬಂಧ ಅದು. 1980ರಲ್ಲಿ ಅಚ್ಚಾದದ್ದು ಅಮೆರಿಕದ 'ಮಂತ್ಲಿ ವೆದರ್ ರಿವ್ಯೂ' ಪತ್ರಿಕೆಯಲ್ಲಿ.

ಇಂಥ ಪತ್ರಿಕೆಗಳ ವ್ಯಾಪಾರವನ್ನು ಗಿರಣಿಯ ಸ್ನೇಹಿತರು ಸುಲಭವಾಗಿ ಅರಿಯಬಲ್ಲರು. ವಿಜ್ಞಾನಿಗೆ ಸಂಬಳ ಕೊಡುವುದು ಬಹುಮಟ್ಟಿಗೆ ಸಾರ್ವಜನಿಕರ ಹಣ. ಮಳೆಮಾಪಕವನ್ನು ನಿಲ್ಲಿಸಿದ್ದೂ, ಉಪಗ್ರಹವನ್ನು ಹಾರಿಸಿದ್ದೂ ಅದೇ ಹಣ. ಪ್ರಬಂಧದ ತಪ್ಪುಒಪ್ಪು ನೋಡುವ ಬೇರೆ ವಿಜ್ಞಾನಿಗಳು ಸಾಮಾನ್ಯವಾಗಿ ಬಿಟ್ಟಿ ದುಡಿಯುತ್ತಾರೆ. ಕೊನೆಗೆ ಪ್ರಕಾಶಕನು ಅದಕ್ಕೆ ಬೀಗ ಹಾಕಿ ನಮಗೇ ಮಾರುತ್ತಾನೆ. ನೂಲು ನಮ್ಮದು, ನೇಯ್ಗೆ ನಮ್ಮದು, ಬಟ್ಟೆ ಮಾತ್ರ ದಲ್ಲಾಳಿಯದು!

ಆದರೂ ಎಲ್ಲ ಬಾಗಿಲೂ ಮುಚ್ಚಿಲ್ಲ. ತೆರೆದ ಬಾಗಿಲನ್ನು ನಮ್ಮ ವಿದ್ಯಾರ್ಥಿಗಳಿಗೆ ತೋರಿಸುವವರಿಲ್ಲ. 1875ರಲ್ಲಿ ಸ್ಥಾಪನೆಯಾದ ಭಾರತ ಹವಾಮಾನ ಇಲಾಖೆ 1950ರಿಂದ ತನ್ನದೇ ಸಂಶೋಧನಾ ಪತ್ರಿಕೆಯನ್ನು ನಡೆಸುತ್ತಿದೆ. ಅದರ ಈಗಿನ ಹೆಸರು 'ಮೌಸಮ್'. ಬೆಂಗಳೂರಿನಿಂದ 'ಕರೆಂಟ್ ಸೈನ್ಸ್' 1932ರಿಂದ ಹೊರಡುತ್ತಿದೆ. ಇವೆರಡನ್ನೂ ಪುಕ್ಕಟೆ ಓದಬಹುದು. ಅಮೆರಿಕದ ಹವಾಮಾನ ಸಂಘವೂ ತನ್ನ ಹಳೆಯ ಲೇಖನಗಳನ್ನು ತೆರೆದಿಟ್ಟಿದೆ. ಮೇಲೆ ಹೇಳಿದ 1980ರ ಪ್ರಬಂಧ ಅವುಗಳಲ್ಲಿ ಒಂದು.

ಹುಡುಕುವ ಕ್ರಮವೂ ಕಷ್ಟವಲ್ಲ. 2004ರಲ್ಲಿ ಆರಂಭವಾದ 'ಗೂಗಲ್ ಸ್ಕಾಲರ್' ಎಂಬ ಪ್ರಬಂಧಗಳ ಸೂಚಿ ಮೊಬೈಲಿನಲ್ಲೂ ತೆರೆಯುತ್ತದೆ. 'ಮಾನ್ಸೂನ್' ಎಂದಷ್ಟೇ ಇಂಗ್ಲಿಷಿನಲ್ಲಿ ಕೇಳಿದರೆ ಲೆಕ್ಕವಿಲ್ಲದಷ್ಟು ಬಂದು ಬೀಳುತ್ತವೆ. 'ಬ್ರೇಕ್' ಎಂಬ ಮಾತನ್ನೂ ಊರಿನ ಹೆಸರನ್ನೂ ಸೇರಿಸಿ ಕೇಳಬೇಕು. ಮೊದಲು ಸಾರಾಂಶ ಓದಬೇಕು. ಒಂದು ಒಳ್ಳೆಯ ಪ್ರಬಂಧ ಕೈಗೆ ಬಂದರೆ ಅದರ ಕೊನೆಯ ಪಟ್ಟಿ ಹಿಂದಿನ ಕೆಲಸವನ್ನು ತೋರಿಸುತ್ತದೆ; 'ಸೈಟೆಡ್ ಬೈ' ಎಂಬ ಕೊಂಡಿ ಆಮೇಲಿನ ಕೆಲಸವನ್ನು ತೋರಿಸುತ್ತದೆ. ಬೀಗ ಕಂಡರೆ 'ಆಲ್ ವರ್ಷನ್ಸ್' ಒತ್ತಿ ನೋಡಬೇಕು; ಬೇರೆಡೆ ತೆರೆದ ಪ್ರತಿ ಇದ್ದರೂ ಇರಬಹುದು. ಇಲ್ಲದಿದ್ದರೆ ಬರೆದವರಿಗೇ ಒಂದು ವಿನಯದ ಕಾಗದ ಹಾಕಬೇಕು. ಕೊಡುವವರು ಬಹಳ ಮಂದಿ ಇದ್ದಾರೆ.

ಇಷ್ಟರಿಂದ ಸರ್ಕಾರದ ಹೊಣೆ ತೀರಲಿಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು. 3 ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. ಇದು ಒಳ್ಳೆಯ ಕೆಲಸ, ನಾವು ಸ್ವಾಗತಿಸುತ್ತೇವೆ. ಆದರೆ ಒಪ್ಪಿಗೆ ದೊರೆತದ್ದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮತ್ತು ಕೇಂದ್ರದ ಸಂಶೋಧನಾಲಯಗಳಿಗೆ. ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕದೆ ಸಾಲ ಮಾಡಿ ಖಾಸಗಿ ಕಾಲೇಜು ಸೇರಿದ ಕಾರ್ಮಿಕನ ಮಗಳು ಯಾವ ರಾಷ್ಟ್ರದವಳು? ಓದು ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿ ಕುಳಿತು ಪರೀಕ್ಷೆಗೆ ಸಿದ್ಧವಾಗುತ್ತಿರುವ ಹುಡುಗ ಯಾವ ರಾಷ್ಟ್ರದವನು? ಬೆಂಕಿಪೊಟ್ಟಣಕ್ಕೂ ತೆರಿಗೆ ತೆತ್ತು ಆ 6,000 ಕೋಟಿಗೆ ಪಾಲು ಕೊಟ್ಟವರಲ್ಲಿ ಅವರ ತಂದೆತಾಯಿಯರೂ ಇದ್ದಾರಲ್ಲವೆ?

ದಾರಿ ದೂರವಿಲ್ಲ. 1965ರ ಗ್ರಂಥಾಲಯ ಕಾನೂನಿನಂತೆ ನಮ್ಮ ವರ್ತಕರು ಮನೆ, ಅಂಗಡಿಗಳ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಕಟ್ಟುತ್ತ ಬಂದಿದ್ದಾರೆ. ಜಿಲ್ಲೆಯ ಕೇಂದ್ರ ಗ್ರಂಥಾಲಯದಲ್ಲಿ ಎರಡು ಕಂಪ್ಯೂಟರುಗಳನ್ನು ಇರಿಸಿ, ಈ ಚಂದಾದ ಪತ್ರಿಕೆಗಳನ್ನು ಬಂದವರೆಲ್ಲ ಅಲ್ಲೇ ಕುಳಿತು ಓದುವಂತೆ ಮಾಡಲಿ. ವಾರಕ್ಕೊಂದು ಗಂಟೆ ಹುಡುಕುವ ಕ್ರಮವನ್ನು ಕಲಿಸಲಿ. ಪ್ರಕಾಶಕರು ಒಪ್ಪಲಾರರು ಎಂದು ಅಧಿಕಾರಿಗಳು ಹೇಳಬಹುದು. ವರ್ಷಕ್ಕೆ 2,000 ಕೋಟಿಯ ಗಿರಾಕಿಗೆ ಚೌಕಾಸಿ ಮಾಡುವ ಬಲವಿಲ್ಲವೆಂದರೆ ಸಂತೆಯಲ್ಲಿ ಸೊಪ್ಪು ಕೊಳ್ಳುವ ಮುದುಕಿಯೂ ನಕ್ಕಾಳು.

ಕರ ಕಟ್ಟಿದ ರಸೀದಿ ನಮ್ಮ ಕೈಯಲ್ಲಿದೆ. ಕೂಲಿಕಾರರ ಸಂಘವೂ ವರ್ತಕರ ಸಂಘವೂ ಕೂಡಿ ಈ ಬೇಡಿಕೆಯ ಮನವಿಗೆ ಸಹಿ ಹಾಕಿ ಗ್ರಂಥಾಲಯ ಪ್ರಾಧಿಕಾರದ ಮುಂದೆ ಇಡಬೇಕು. ಮುಂದಿನ ಮುಂಗಾರಿಗೆ ಮೊದಲೇ ಈ ಕೆಲಸ ಆಗಲಿ.